ಕೋವಿಗೂ ಒಂದು ರಹದಾರಿ

ಲೈಸೆನ್ಸ್ ಎಂಬ ಇಂಗ್ಲಿಷ್ ಮಾತು ನಮ್ಮ ಮನೆಮಾತಾಗುವ ಮುನ್ನ ಹಿರಿಯರು ಅದಕ್ಕೆ 'ರಹದಾರಿ' ಎನ್ನುತ್ತಿದ್ದರು. ಪಾರಸಿಯಿಂದ ಕನ್ನಡಕ್ಕೆ ಬಂದ ಈ ಪದದಲ್ಲಿ 'ರಾಹ' ಎಂದರೆ ದಾರಿ. ದಾರಿಯಲ್ಲಿ ಸಾಗುವವನು ಕಟ್ಟೆಕಟ್ಟೆಯಲ್ಲಿ ತೋರಿಸಿ ಮುಂದೆ ಹೋಗಬೇಕಾದ ಅಪ್ಪಣೆ ಚೀಟಿಯೇ ರಹದಾರಿ. ಕಾಲಕ್ರಮದಲ್ಲಿ ಆ ಪದ ದಾರಿಯ ಸಂಬಂಧವನ್ನು ಕಳಚಿಕೊಂಡು ಎಲ್ಲ ಬಗೆಯ ಪರವಾನಗಿಗೂ ಸಲ್ಲತೊಡಗಿತು. ಆದರೆ ಬಂದೂಕಿನ ವಿಷಯದಲ್ಲಿ ಮಾತ್ರ ಹಳೆಯ ಅರ್ಥವೇ ಇಂದಿಗೂ ಚೆನ್ನಾಗಿ ಒಪ್ಪುತ್ತದೆ. ಊರಮನೆಯ ಗೋಡೆಯ ಮೇಲಿರುವಾಗ ಕೋವಿ ಮನೆತನದ ಸೊತ್ತು. ಅದೇ ಕೋವಿ ಬಾಗಿಲು ದಾಟಿ, ವಾಹನವೇರಿ, ಮತ್ತೊಂದು ಸೀಮೆಗೆ ಹೊರಟಿತೆಂದರೆ ಅದು ಸರಕಾರದ ಚಿಂತೆಯಾಗುತ್ತದೆ.

ಮುಂಬಯಿ, ಪುಣೆ, ದಿಲ್ಲಿ, ಮದರಾಸುಗಳಲ್ಲಿ ನೆಲೆಸಿರುವ ನಮಗೂ ಕೋವಿಗೂ ಎತ್ತಣ ಸಂಬಂಧ ಎಂದು ಕೆಲವರು ಕೇಳಿಯಾರು. ಸಂಬಂಧ ಇದೆ. ಕೊಡಗಿನಿಂದ ಬಂದ ಕುಟುಂಬಗಳಿಗಂತೂ ಕೋವಿ ದೇವರ ಕೋಣೆಯ ವಸ್ತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರುಗಳ ತೋಟದ ಮನೆಗಳಲ್ಲಿ ಹಂದಿ, ಮಂಗಗಳ ಕಾಟಕ್ಕೆಂದು ಇಟ್ಟುಕೊಂಡ ಕೇಪಿನ ಕೋವಿಯೋ ತೋಟಾ ಕೋವಿಯೋ ಇರುವುದು ಅಪರೂಪವಲ್ಲ. ಊರಿನಲ್ಲಿ ಹಿರಿಯರು ಕಣ್ಣು ಮುಚ್ಚಿದಾಗ, ಮನೆ ಪಾಲಾದಾಗ, ತೋಟ ಮಾರಿದಾಗ, ಆ ಕೋವಿಯನ್ನು ಏನು ಮಾಡುವುದೆಂಬ ಪ್ರಶ್ನೆ ಪರವೂರಿನಲ್ಲಿರುವ ಮಕ್ಕಳ ಮುಂದೆ ಬಂದು ನಿಲ್ಲುತ್ತದೆ. ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ತಂದರಾಯಿತು ಎಂದುಕೊಳ್ಳುವ ಮುನ್ನ ಈ ದೇಶದಲ್ಲಿ ಕೋವಿಯ ಪಯಣಕ್ಕೆ ಇರುವ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು. ಆ ಚರಿತ್ರೆಯ ಮುಖ್ಯ ಅಧ್ಯಾಯವೊಂದು ನಮ್ಮ ಕೊಡಗಿನಲ್ಲಿಯೇ ನಡೆದಿದೆ.

ಆಯುಧ ಕಿತ್ತುಕೊಂಡ ಕಾಲ

1857ರ ದಂಗೆ ಕಂಪನಿ ಸರಕಾರಕ್ಕೆ ಕಲಿಸಿದ ಪಾಠಗಳಲ್ಲಿ ಒಂದು, ಪ್ರಜೆಗಳ ಕೈಯಲ್ಲಿ ಆಯುಧವಿರಬಾರದೆಂಬುದು. ಆ ವರ್ಷವೇ ಒಂದು ಆಯುಧ ಕಾಯಿದೆ ಬಂತು, 1860ರಲ್ಲಿ ಮತ್ತೊಂದು. ಜನ ಇದನ್ನು 'ನಿಶ್ಶಸ್ತ್ರೀಕರಣದ ಕಾಯಿದೆ' ಎಂದೇ ಕರೆದರು. ಹಳ್ಳಿಹಳ್ಳಿಗಳಿಂದ ಕತ್ತಿ, ಈಟಿ, ಬಂದೂಕುಗಳನ್ನು ಸರಕಾರ ಒಟ್ಟುಗೂಡಿಸಿತು.

ಈ ನೀತಿಗೆ ಗಟ್ಟಿಯಾದ ರೂಪ ದೊರೆತದ್ದು 1878ರಲ್ಲಿ, ವೈಸರಾಯ್ ಲಿಟ್ಟನ್ನನ ಕಾಲದಲ್ಲಿ. ಅದೇ ವರ್ಷ ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆಯೂ ಬಂತೆಂಬುದು ಗಮನಿಸಬೇಕಾದ ಸಂಗತಿ. ಪತ್ರಿಕಾ ಕಾಯಿದೆ ರಿಪನ್ನನ ಆಳ್ವಿಕೆಯಲ್ಲಿ ರದ್ದಾಯಿತು. ಆಯುಧ ಕಾಯಿದೆ ಮಾತ್ರ 84 ವರ್ಷಗಳ ಕಾಲ, ಸ್ವಾತಂತ್ರ್ಯ ಬಂದ ಮೇಲೂ ಹದಿನೈದು ವರ್ಷ, ಹಾಗೆಯೇ ನಡೆಯಿತು. ಆಯುಧ ಇಟ್ಟುಕೊಳ್ಳಲು ಒಂದು ಅಪ್ಪಣೆ, ಆಯುಧ ಧರಿಸಿ ಹೊರಗೆ ಹೋಗಲು ಇನ್ನೊಂದು ಅಪ್ಪಣೆ, ಆಯುಧವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದನ್ನು ತಡೆಯುವ ಅಧಿಕಾರ, ಹೀಗೆ ಮನೆ ಮತ್ತು ದಾರಿಗಳನ್ನು ಬೇರೆ ಬೇರೆಯಾಗಿ ನೋಡಿದ ಕಾಯಿದೆ ಅದು. ಸಂಶಯ ಹುಟ್ಟಿಸುವ ರೀತಿಯಲ್ಲಿ ಆಯುಧ ಸಾಗಿಸುವವನನ್ನು, ಅವನ ಬಳಿ ಪರವಾನಗಿ ಇದ್ದರೂ, ಹಿಡಿಯಬಹುದೆಂದು ಅದು ಹೇಳಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಇದರ ಪ್ರಸ್ತಾಪ ಬರುತ್ತದೆ.

ಕಾಯಿದೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬಿಳಿಯರಿಗೆ ವಿನಾಯಿತಿ ಇತ್ತು. ಈ ಭೇದ ನಮ್ಮ ಜನರಿಗೆ ಚುಚ್ಚಿದಷ್ಟು ಬೇರೆ ಯಾವುದೂ ಚುಚ್ಚಲಿಲ್ಲವೆನ್ನಬಹುದು. 1885ರಲ್ಲಿ ಹುಟ್ಟಿದ ಕಾಂಗ್ರೆಸ್ಸು ತನ್ನ ಮೊದಮೊದಲ ಅಧಿವೇಶನಗಳಿಂದಲೇ ಆಯುಧ ಕಾಯಿದೆಯ ವಿರುದ್ಧ ದನಿಯೆತ್ತಿತು. ಅಹಿಂಸೆಯ ಉಪಾಸಕರಾದ ಗಾಂಧೀಜಿಯವರು ಕೂಡ ಇಡೀ ಜನಾಂಗದ ಕೈಯಿಂದ ಆಯುಧ ಕಿತ್ತುಕೊಂಡದ್ದನ್ನು ಬ್ರಿಟಿಷ್ ಆಳ್ವಿಕೆಯ ದೊಡ್ಡ ಕಳಂಕವೆಂದೇ ಎಣಿಸಿದ್ದರು. 1931ರ ಕರಾಚಿ ಕಾಂಗ್ರೆಸ್ಸಿನಲ್ಲಿ ಅಂಗೀಕರಿಸಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು.

ಪುಟ್ಟ ನಾಡಿಗೆ ದೊರೆತ ವಿನಾಯಿತಿ

ಇಡೀ ದೇಶದ ಆಯುಧಗಳನ್ನು ಕೂಡಿಹಾಕುತ್ತಿದ್ದ ಆ ಹೊತ್ತಿನಲ್ಲಿಯೇ ಕೊಡಗಿನ ಜನರ ಕೋವಿ ಅವರ ಕೈಯಲ್ಲಿಯೇ ಉಳಿಯಿತು. ಅದು ಹೇಗೆ?

ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಸರಕಾರ ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಮೂರು ವರ್ಷ ಕಳೆಯುವಷ್ಟರಲ್ಲಿ, 1837ರಲ್ಲಿ, ಅಮರ ಸುಳ್ಯದ ಕಡೆಯಿಂದ ರೈತರ ಬಂಡಾಯ ಎದ್ದಿತು. ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ನಡೆದ ಈ ದಂಗೆ ಮಂಗಳೂರಿನವರೆಗೂ ಹಬ್ಬಿತು. ಅದನ್ನು ಅಡಗಿಸುವಲ್ಲಿ ಕೊಡವ ಮುಖಂಡರು ಕಂಪನಿಯ ಪಕ್ಷ ವಹಿಸಿದರು. ಬಂಡಾಯದ ನಾಯಕರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಸರಕಾರದ ಪಕ್ಷದಲ್ಲಿ ನಿಂತವರಿಗೆ ಕನ್ನಡ ಬರಹವಿದ್ದ ಚಿನ್ನದ, ಬೆಳ್ಳಿಯ ಪದಕಗಳು ದೊರೆತವು.

ಈ ಭಾಗವನ್ನು ಮುಚ್ಚಿಟ್ಟು ಕೋವಿಯ ಕಥೆ ಹೇಳುವುದು ಸರಿಯಾಗದು. ಇಂದು ಅಮರ ಸುಳ್ಯದ ಹೋರಾಟಗಾರರನ್ನು ನಾವು ಸ್ವಾತಂತ್ರ್ಯದ ಮುಂಗೋಳಿಗಳೆಂದು ಗೌರವಿಸುತ್ತೇವೆ. ಅದು ನ್ಯಾಯವೇ. ಆದರೆ ಅವರನ್ನು ಅಡಗಿಸಿದ ಸೇವೆಯ ನೆನಪು ಕೂಡ ಮುಂದೆ ಕೊಡಗಿಗೆ ದೊರೆತ ವಿನಾಯಿತಿಯ ಹಿಂದೆ ಇತ್ತೆಂಬುದು ಚರಿತ್ರೆ. ಚರಿತ್ರೆ ಒಂದೇ ಕಡೆಯವರನ್ನು ಸಂತೋಷಪಡಿಸಲು ಹುಟ್ಟಿದ್ದಲ್ಲ.

ಮೈಸೂರು ಮತ್ತು ಕೊಡಗು ಎರಡರ ಆಡಳಿತವನ್ನೂ ಬೆಂಗಳೂರಿನಿಂದ ನೋಡಿಕೊಳ್ಳುತ್ತಿದ್ದ ಕಮಿಷನರ್ ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿನ ಮೂಲಕ ನಮಗೆಲ್ಲ ಪರಿಚಿತನಾದವನು, 1861ರ ಫೆಬ್ರವರಿಯಲ್ಲಿ ಒಂದು ಪ್ರಕಟಣೆ ಹೊರಡಿಸಿದ. ಕೊಡಗಿನ ಜನರ ಪರಾಕ್ರಮ, ನಿಷ್ಠೆ, ಅವರು ಸರಕಾರಕ್ಕೆ ಸಲ್ಲಿಸಿದ ಸೇವೆ ಇವುಗಳನ್ನು ಕೊಂಡಾಡಿ, ನಿಶ್ಶಸ್ತ್ರೀಕರಣದ ಕಾಯಿದೆ ಅವರಿಗೆ ಅನ್ವಯಿಸದೆಂದು ಅದರಲ್ಲಿ ಸಾರಿದ. ಆ ಮುದುಕ ಅಧಿಕಾರಿಯ ಕೊನೆಯ ಕೆಲಸಗಳಲ್ಲಿ ಇದೂ ಒಂದು. ನಿವೃತ್ತನಾಗಿ ಸ್ವದೇಶಕ್ಕೆ ಹೊರಟ ಕಬ್ಬನ್ ಅದೇ ವರ್ಷದ ಏಪ್ರಿಲಿನಲ್ಲಿ ದಾರಿಯಲ್ಲಿಯೇ, ಸೂಯೆಜ್‌ನಲ್ಲಿ ತೀರಿಕೊಂಡ.

1878ರ ಕಾಯಿದೆಯ ನಿಯಮಗಳಲ್ಲಿಯೂ ಈ ವಿನಾಯಿತಿ ಮುಂದುವರಿಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ವಿನಾಯಿತಿ ಕೊಡವ ಜನಾಂಗದವರಿಗೆ ಮಾತ್ರವಲ್ಲ, ಕೊಡಗಿನ ಜಮ್ಮಾ ಹಿಡುವಳಿದಾರರೆಲ್ಲರಿಗೂ ದೊರೆಯಿತು. ಜಮ್ಮಾ ಎಂದರೆ ಅರಸರ ಕಾಲದಿಂದ ಬಂದ ಭೂ ಹಿಡುವಳಿ. ಕಂದಾಯ ಸಾಮಾನ್ಯ ಜಮೀನಿನ ಅರ್ಧದಷ್ಟು ಮಾತ್ರ, ಅದಕ್ಕೆ ಬದಲಾಗಿ ಕರೆದಾಗ ಆಯುಧ ಸಮೇತ ಅರಸನ ಸೇವೆಗೆ ಬರಬೇಕು. ಗೌಡರು ಮೊದಲಾದ ಇತರ ಸಮುದಾಯಗಳಲ್ಲಿಯೂ ಜಮ್ಮಾ ಹಿಡುವಳಿ ಇದ್ದ ಮನೆತನಗಳಿವೆ. ಆದ್ದರಿಂದ ಕೋವಿಯ ಹಕ್ಕಿಗೆ ಎರಡು ಬೇರುಗಳು: ಒಂದು ಜನಾಂಗದ್ದು, ಇನ್ನೊಂದು ಭೂಮಿಯದು. ಎರಡನೆಯದು ಇಂಗ್ಲಿಷರಿಗಿಂತ ಹಳೆಯದು.

ಮನೆಯ ಕೋವಿ, ದಾರಿಯ ಕೋವಿ

ಕೊಡಗಿನ ಮನೆಯಲ್ಲಿ ಕೋವಿಗೆ ಇರುವ ಸ್ಥಾನ ತಿಳಿಯದೆ ಈ ವಿನಾಯಿತಿಯ ಬೆಲೆ ತಿಳಿಯದು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಪದ್ಧತಿ. ಬೆಟ್ಟದಿಂದ ಬೆಟ್ಟಕ್ಕೆ ಮನೆಗಳು ದೂರದೂರ ಇದ್ದ ನಾಡಿನಲ್ಲಿ ಅದೇ ತಂತಿ, ಅದೇ ಟಪಾಲು. ನಾಟಿಯ ಕೆಲಸ ಮುಗಿಯುವವರೆಗೆ ಆಯುಧಗಳು ದೇವರ ಕೋಣೆಯಲ್ಲಿ ವಿಶ್ರಮಿಸುತ್ತವೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಮುಹೂರ್ತದಂದು ಅವನ್ನು ತೊಳೆದು, ಒರೆಸಿ, ಕೋವಿ ಹೂವನ್ನು ಮುಡಿಸಿ ಪೂಜೆ ಮಾಡಿ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಹುತ್ತರಿಯ ರಾತ್ರಿ ಗದ್ದೆಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಕೋವಿಯ ಶಬ್ದ ಕೇಳಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರನ್ನು ಭಾರತದ ಸೈನ್ಯಕ್ಕೆ ಕೊಟ್ಟ ನಾಡಿನಲ್ಲಿ ಕೋವಿ ಆಟಿಕೆಯೂ ಅಲ್ಲ, ಭಯದ ವಸ್ತುವೂ ಅಲ್ಲ.

ಆದರೆ ಆ ನಾಡು ಚಿಕ್ಕದು. ಅದರ ಸುತ್ತಲೂ ಪರಸೀಮೆ. 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂದ ಮೇಲೆ ಕೊಡಗಿನ ಪೂರ್ವಕ್ಕೆ ಇದ್ದದ್ದು ಮೈಸೂರು ಸಂಸ್ಥಾನ. ಪಶ್ಚಿಮಕ್ಕೆ ಮತ್ತು ದಕ್ಷಿಣಕ್ಕೆ ಮದರಾಸು ಪ್ರಾಂತದ ದಕ್ಷಿಣ ಕನ್ನಡ, ಮಲಬಾರುಗಳು. ಕುಶಾಲನಗರದ ಬಳಿ ಕಾವೇರಿಯ ಸೇತುವೆ ದಾಟಿದರೆ ಬೇರೆ ದೊರೆತನ, ಬೇರೆ ಕಾನೂನು. ಮೈಸೂರಿನ ಪೇಟೆಗೆ ಹೊರಟವನಾಗಲಿ, ಘಟ್ಟ ಇಳಿದು ಕಣ್ಣಾನೂರಿನ ಕಡೆಗೆ ಹೊರಟವನಾಗಲಿ, ಅರ್ಧ ದಿನದೊಳಗೆ ಗಡಿ ದಾಟಲೇಬೇಕು. ಒಂದೂರಿನ ವಿನಾಯಿತಿ ಇನ್ನೊಂದೂರಿನಲ್ಲಿ ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂಬ ಪ್ರಶ್ನೆ ಹೀಗೆ ಕೊಡಗಿಗೆ ಮೊದಲಿನಿಂದಲೂ ಅಂಟಿಕೊಂಡೇ ಬಂದಿದೆ.

ಈ ಪ್ರಶ್ನೆಗೆ ಸರಕಾರ ಕೊಟ್ಟ ಉತ್ತರ ಕುತೂಹಲಕರವಾದದ್ದು. 1959ರ ಆಯುಧ ಕಾಯಿದೆ ಜಾರಿಗೆ ಬಂದ ಮೇಲೆ 1960ರ ದಶಕದ ಆರಂಭದಲ್ಲಿ ಹೊರಟ ವಿನಾಯಿತಿ ಅಧಿಸೂಚನೆಯಲ್ಲಿ ಕೊಡವರ ಮತ್ತು ಜಮ್ಮಾ ಹಿಡುವಳಿದಾರರ ಹೆಸರಿನ ಮುಂದೆ ಒಂದು ಷರತ್ತು ಸೇರಿತ್ತು. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಅವರ ಬಳಿ ಒಂದು ರೈಫಲು, ಅದಕ್ಕೆ 100 ಗುಂಡು, ಮತ್ತು ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟಾ ಅಥವಾ ಅಷ್ಟಕ್ಕೆ ಸಮನಾದ ಸೀಸದ ಚರೆ ಮತ್ತು ಮದ್ದು, ಇದನ್ನು ಮೀರಬಾರದು ಎಂಬುದೇ ಆ ಷರತ್ತು.

ಈ ಒಂದು ವಾಕ್ಯವನ್ನು ನಿಧಾನವಾಗಿ ಓದಿದರೆ ಎರಡು ಸಂಗತಿ ಹೊಳೆಯುತ್ತವೆ. ಕೊಡಗಿನ ಮನುಷ್ಯ ಊರು ಬಿಟ್ಟು ಹೋಗುತ್ತಾನೆ, ಬೇರೆಡೆ ನೆಲೆಸುತ್ತಾನೆ, ಹೋಗುವಾಗ ತನ್ನ ಕೋವಿಯನ್ನೂ ಒಯ್ಯುತ್ತಾನೆ ಎಂಬುದನ್ನು ಕಾನೂನು ಮೊದಲೇ ಊಹಿಸಿತ್ತು. ವಲಸೆ ಹೋದ ಕನ್ನಡ ನಾಡಿನ ಕುಟುಂಬವೊಂದರ ಚಿತ್ರ ಸರಕಾರದ ಒಣ ಕಾಗದದಲ್ಲಿ ಹೀಗೆ ಮೂಡಿದೆ. ಎರಡನೆಯದು, ವಿನಾಯಿತಿ ಎಂದರೆ ಮಿತಿಯಿಲ್ಲದ ಸ್ವಾತಂತ್ರ್ಯವೆಂದು ಯಾರೂ, ಎಂದೂ ತಿಳಿದಿರಲಿಲ್ಲ. ಗಡಿ ದಾಟಿದ ಕೂಡಲೇ ಲೆಕ್ಕ ಶುರುವಾಗುತ್ತದೆ.

ಸಂವಿಧಾನ ಸಭೆಯಲ್ಲಿ

ಸ್ವಾತಂತ್ರ್ಯ ಬಂದ ಮೇಲೆ ಕರಾಚಿಯ ಆ ಹಳೆಯ ಮಾತು ಏನಾಯಿತು? 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆ ಮೂಲಭೂತ ಸ್ವಾತಂತ್ರ್ಯಗಳನ್ನು ಚರ್ಚಿಸುತ್ತಿದ್ದಾಗ, ಆಯುಧ ಹೊಂದುವ ಹಕ್ಕನ್ನೂ ಸೇರಿಸಬೇಕೆಂದು ತಿದ್ದುಪಡಿ ಸೂಚಿಸಿದವರು ಹರಿ ವಿಷ್ಣು ಕಾಮತರು. ಅವರು ಹುಟ್ಟಿದ್ದು ಮಂಗಳೂರಿನಲ್ಲಿ, ಐ.ಸಿ.ಎಸ್. ಹುದ್ದೆ ಬಿಟ್ಟು ಸುಭಾಷರ ಜೊತೆ ಸೇರಿದವರು. ಸಭೆಗೆ ಬಂದದ್ದು ಮಧ್ಯ ಪ್ರಾಂತದಿಂದ. ಹೊರನಾಡ ಕನ್ನಡಿಗರ ಸಾಲಿಗೆ ಇವರನ್ನೂ ಸೇರಿಸಿಕೊಳ್ಳಬಹುದು. ಡಾ. ಅಂಬೇಡ್ಕರರು ಈ ಸೂಚನೆಯನ್ನು ಒಪ್ಪಲಿಲ್ಲ; ಸಭೆ ಅದನ್ನು ತಳ್ಳಿಹಾಕಿತು. ದೇಶ ವಿಭಜನೆಯ ರಕ್ತದ ಕಲೆ ಇನ್ನೂ ಆರದಿದ್ದ ದಿನಗಳವು. ಸಂವಿಧಾನದಲ್ಲಿ ಕೊನೆಗೆ ಉಳಿದದ್ದು, ಆಯುಧಗಳಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕು ಮಾತ್ರ.

ಸಿಖ್ಖರ ಕೃಪಾಣಕ್ಕೆ ಸಂವಿಧಾನದ 25ನೆಯ ಅನುಚ್ಛೇದದಲ್ಲಿಯೇ ಜಾಗ ದೊರೆತಿದೆ. ಕೊಡಗಿನ ಕೋವಿಗೆ ಅಂಥ ಜಾಗವಿಲ್ಲ. ಅದು ನಿಂತಿರುವುದು ಕಾಯಿದೆಯ 41ನೆಯ ಕಲಮಿನ ಮೇಲೆ, ಅಂದರೆ ಸಾರ್ವಜನಿಕ ಹಿತದ ದೃಷ್ಟಿಯಿಂದ ಯಾರಿಗೆ ಬೇಕಾದರೂ ವಿನಾಯಿತಿ ಕೊಡಲು, ಕೊಟ್ಟದ್ದನ್ನು ಹಿಂದೆ ಪಡೆಯಲು ಕೇಂದ್ರ ಸರಕಾರಕ್ಕಿರುವ ಅಧಿಕಾರದ ಮೇಲೆ. ಸರಕಾರದ ಒಂದು ಅಧಿಸೂಚನೆಯಿಂದ ಬಂದದ್ದು ಇನ್ನೊಂದು ಅಧಿಸೂಚನೆಯಿಂದ ಹೋಗಬಹುದು.

1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದಾಗ ಕುಶಾಲನಗರದ ಗಡಿ ಬರೀ ಜಿಲ್ಲೆಯ ಗಡಿಯಾಯಿತು. ಅದೇ ದಿನ ಮಲಬಾರು ಕೇರಳಕ್ಕೆ ಸೇರಿದ್ದರಿಂದ ಮಾಕುಟ್ಟ, ಕುಟ್ಟಗಳ ಕಡೆಯ ಗಡಿ ಕರ್ನಾಟಕ–ಕೇರಳಗಳ ಗಡಿಯಾಗಿ ಉಳಿಯಿತು. ನಕ್ಷೆ ಬದಲಾಯಿತು, ದಾರಿಯ ಪ್ರಶ್ನೆ ಬದಲಾಗಲಿಲ್ಲ.

ಗಡಿಯಲ್ಲಿ ಕೇಳುವ ಪ್ರಶ್ನೆಗಳು

1959ರ ಕಾಯಿದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಇಂದಿಗೂ, ಹಲವು ತಿದ್ದುಪಡಿಗಳೊಂದಿಗೆ, ನಡೆಯುತ್ತಿರುವುದು ಅದೇ ಕಾಯಿದೆ. ದಾರಿಯಲ್ಲಿ ಹೋಗುವ ಕೋವಿಯ ಬಗ್ಗೆ ಅದು ಹೇಳುವ ಕೆಲವು ಮಾತುಗಳನ್ನು ಎಲ್ಲರೂ ತಿಳಿದಿರಬೇಕು.

ಮೊದಲನೆಯದು, ಪರವಾನಗಿಯಲ್ಲಿ ಅದು ಸಲ್ಲುವ ಪ್ರದೇಶ ಬರೆದಿರುತ್ತದೆ. ಒಂದು ಜಿಲ್ಲೆಗೆ ಅಥವಾ ಒಂದು ರಾಜ್ಯಕ್ಕೆ ಕೊಟ್ಟ ಪರವಾನಗಿ ಗಡಿಯಾಚೆ ಬರೀ ಕಾಗದ. ಇಡೀ ಭಾರತಕ್ಕೆ ಸಲ್ಲಬೇಕಾದರೆ ಹಾಗೆಂದು ಬೇರೆಯಾಗಿ ಕೇಳಿ ಬರೆಸಿಕೊಳ್ಳಬೇಕು. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿಯ ಉದ್ದೇಶವೇ ಊರಿನ ಗದ್ದೆ ತೋಟ. ಅದನ್ನು ಪುಣೆಯ ಫ್ಲ್ಯಾಟಿಗೆ ಒಯ್ಯುವುದಕ್ಕೆ ಅರ್ಥವೂ ಇಲ್ಲ, ಅಪ್ಪಣೆಯೂ ಇಲ್ಲ.

ಎರಡನೆಯದು, 19ನೆಯ ಕಲಮು. ಆಯುಧ ಒಯ್ಯುವ ಯಾರನ್ನೇ ಆಗಲಿ ನಿಲ್ಲಿಸಿ ಪರವಾನಗಿ ತೋರಿಸೆಂದು ಕೇಳುವ ಅಧಿಕಾರ ಪೊಲೀಸ್ ಅಧಿಕಾರಿಗಿದೆ. ಪರವಾನಗಿ ತೋರಿಸಬೇಕು, ಇಲ್ಲವೇ ಪರವಾನಗಿ ಇಲ್ಲದೆಯೇ ಒಯ್ಯುವ ಹಕ್ಕು ತನಗಿದೆಯೆಂದು ತೋರಿಸಿಕೊಡಬೇಕು. ತೋರಿಸದಿದ್ದರೆ ಹೆಸರು, ವಿಳಾಸ ಕೇಳಬಹುದು. ಅಗತ್ಯ ಕಂಡರೆ ಆಯುಧವನ್ನು ವಶಪಡಿಸಿಕೊಳ್ಳಬಹುದು. ಹಾಗೆ ತೋರಿಸಿಕೊಡುವ ಹೊರೆ ಕೋವಿ ಹಿಡಿದವನದು. ಮಡಿಕೇರಿಯಲ್ಲಿ ಕೊಡವರ ಕೋವಿಯ ಸಂಗತಿ ಪೊಲೀಸರಿಗೆ ವಿವರಿಸಬೇಕಾಗಿಲ್ಲ. ಆದರೆ ಸೊಲ್ಲಾಪುರದ ಆಚೆಯೋ ನಾಗಪುರದ ಬಳಿಯೋ ನಡುರಾತ್ರಿ ಗಾಡಿ ತಡೆದ ಪೇದೆಗೆ ಅದು ಗೊತ್ತಿರಬೇಕೆಂದು ನಿರೀಕ್ಷಿಸುವುದು ತಪ್ಪು. ಕೊಡಗಿನ ಜಿಲ್ಲಾಧಿಕಾರಿಗಳು ಕೊಡುವ ವಿನಾಯಿತಿ ಪತ್ರ ಮೂಲರೂಪದಲ್ಲಿ ಕೈಯಲ್ಲಿರಬೇಕೆಂದು ತಿಳಿದವರು ಹೇಳುವುದು ಇದಕ್ಕೇ.

ಮೂರನೆಯದು, 20 ಮತ್ತು 23ನೆಯ ಕಲಮುಗಳು. ಸಂಶಯಾಸ್ಪದ ರೀತಿಯಲ್ಲಿ ಆಯುಧ ಸಾಗಿಸುವವನನ್ನು, ಪರವಾನಗಿ ಇದ್ದರೂ, ಬಂಧಿಸಬಹುದೆಂಬ 1878ರ ಮಾತು ಇಲ್ಲಿ ಮರಳಿ ಬಂದಿದೆ. ಯಾವುದೇ ವಾಹನವನ್ನು ತಡೆದು ಆಯುಧಕ್ಕಾಗಿ ಶೋಧಿಸುವ ಅಧಿಕಾರವೂ ಇದೆ. ಆದ್ದರಿಂದಲೇ ಮರ್ಯಾದಸ್ಥ ಕೋವಿದಾರರು ಗುಂಡು ತೆಗೆದು, ಕೋವಿಯನ್ನು ಚೀಲದಲ್ಲಿಟ್ಟು, ತೋಟಾಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಎರಡಕ್ಕೂ ಬೀಗ ಹಾಕಿ, ಕೇಳಿದ ಕೂಡಲೇ ಇಂತಿಂಥದು ಇದೆ ಎಂದು ಹೇಳಿ ಸಾಗುತ್ತಾರೆ. ಅಡಗಿಸಿ ಇಡುವುದು ಬೇರೆ, ಭದ್ರವಾಗಿ ಇಡುವುದು ಬೇರೆ.

ನಾಲ್ಕನೆಯದು, ದಾರಿಯ ಕಾಡು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಲಿಖಿತ ಅಪ್ಪಣೆಯಿಲ್ಲದೆ ಆಯುಧ ಸಮೇತ ಪ್ರವೇಶಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಈ ನಿಯಮ ಅನ್ವಯಿಸುತ್ತದೆ. ಹುಣಸೂರಿನಿಂದ ಕುಟ್ಟಕ್ಕೆ ಹೋಗುವ ನೇರ ದಾರಿ ನಾಗರಹೊಳೆಯ ಕಾಡಿನ ನಡುವೆಯೇ ಸಾಗುತ್ತದೆಂಬುದನ್ನು ಮರೆಯಬಾರದು. ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿದಾರರು ಹೆಸರು ನೋಂದಾಯಿಸಬೇಕೆನ್ನುವ ಕಲಮಿನಲ್ಲಿ ಪರವಾನಗಿದಾರರನ್ನು ಮಾತ್ರವಲ್ಲ, ಆಯುಧ ಕಾಯಿದೆಯಿಂದ ವಿನಾಯಿತಿ ಪಡೆದವರನ್ನೂ ಸ್ಪಷ್ಟವಾಗಿ ಹೆಸರಿಸಿದೆ. ಒಂದು ಕಾಯಿದೆಯ ವಿನಾಯಿತಿ ಇನ್ನೊಂದು ಕಾಯಿದೆಗೆ ಸಲ್ಲದು.

ಐದನೆಯದು, ತಲುಪುವ ಊರಿನ ಆಜ್ಞೆಗಳು. ಮುಂಬಯಿಯಲ್ಲಿರುವವರಿಗೆ ಪೊಲೀಸ್ ಕಾಯಿದೆಯ 37ನೆಯ ಕಲಮಿನ ಅಡಿ ಆಗಾಗ ಹೊರಡುವ ಆಯುಧ ನಿಷೇಧದ ಆಜ್ಞೆಗಳು ಪರಿಚಿತ. ಜನ ಬಾಯಲ್ಲಿ '144' ಎಂದೇ ಉಳಿದಿರುವ ನಿಷೇಧಾಜ್ಞೆ 2024ರ ಜುಲೈ 1ರಿಂದ ಹೊಸ ಸಂಹಿತೆಯ 163ನೆಯ ಕಲಮಾಗಿದೆ. ಚುನಾವಣೆ ಘೋಷಣೆಯಾದಾಗ ಕೋವಿಗಳನ್ನು ಠೇವಣಿ ಇಡಬೇಕೆಂಬ ಆಜ್ಞೆಗಳೂ ಬರುತ್ತವೆ. ಕೊಡಗಿನಲ್ಲಿ ಅದು ಪ್ರತಿ ಬಾರಿಯೂ ಚರ್ಚೆಯ ವಿಷಯ. ವಿಮಾನದಲ್ಲಿ ಹೋಗುವವರು ಮುಂಚಿತವಾಗಿ ತಿಳಿಸಿ, ಗುಂಡು ತೆಗೆದ ಕೋವಿಯನ್ನು ಸಂಸ್ಥೆಯ ವಶಕ್ಕೆ ಒಪ್ಪಿಸಬೇಕು, ಕೈಸಾಮಾನಿನಲ್ಲಿ ಒಯ್ಯುವಂತಿಲ್ಲ. ತೋಟಾಗಳ ತೂಕ ಒಬ್ಬರಿಗೆ 5 ಕಿಲೋ ಮೀರುವಂತಿಲ್ಲ.

ಅಪ್ಪನ ಕೋವಿ

ಇಷ್ಟೆಲ್ಲ ಕಾನೂನಿನ ಮಾತಿನ ನಡುವೆ, ನಮ್ಮ ಕುಟುಂಬಗಳಿಗೆ ನಿಜವಾಗಿ ಎದುರಾಗುವ ಪ್ರಸಂಗ ಒಂದೇ. ಊರಿನಲ್ಲಿ ತಂದೆಯೋ ದೊಡ್ಡಪ್ಪನೋ ತೀರಿಕೊಳ್ಳುತ್ತಾರೆ. ಹದಿನಾಲ್ಕನೆಯ ದಿನದ ಊಟ ಮುಗಿದ ಮೇಲೆ ಮನೆಗೆ ಬೀಗ ಹಾಕಬೇಕು. ಪಾತ್ರೆ ಹಂಚಿದ್ದಾಯಿತು, ಪಟ ಹಂಚಿದ್ದಾಯಿತು. ಗೋಡೆಯ ಮೇಲಿನ ಜೋಡುನಳಿಗೆಯ ಕೋವಿ ಉಳಿಯಿತು.

ಪರವಾನಗಿ ಸತ್ತವರ ಹೆಸರಿನದು; ಅವರೊಂದಿಗೆ ಅದರ ಆಯುಸ್ಸೂ ಮುಗಿಯಿತು. ಆ ಕೋವಿಯನ್ನು ಮಗ ಕಾರಿನಲ್ಲಿಟ್ಟು ನಿಪ್ಪಾಣಿ ದಾಟಿದರೆ, ಮನಸ್ಸಿನಲ್ಲಿ ಎಷ್ಟೇ ಭಕ್ತಿಯಿದ್ದರೂ, ಕಾನೂನಿನ ಕಣ್ಣಿಗೆ ಅವನು ಪರವಾನಗಿಯಿಲ್ಲದ ಆಯುಧ ಸಾಗಿಸುತ್ತಿರುವವನು. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಶಿಕ್ಷೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷಗಳ ಸೆರೆವಾಸ. ಪರವಾನಗಿದಾರ ಬದುಕಿದ್ದಾಗ, ಅವರ ಲಿಖಿತ ಅಪ್ಪಣೆಯ ಮೇಲೆ ರಿಪೇರಿಗೋ ಪರವಾನಗಿ ನವೀಕರಣಕ್ಕೋ ಬೇರೆಯವರು ಕೋವಿಯನ್ನು ಒಯ್ಯಲು ಕಾಯಿದೆಯ 3ನೆಯ ಕಲಮಿನಲ್ಲಿ ಅವಕಾಶವಿದೆ. ಸತ್ತವರು ಅಪ್ಪಣೆ ಕೊಡಲಾರರು.

ಸರಿಯಾದ ದಾರಿ ಉದ್ದವಾದರೂ ಸರಳ. ಊರಿನ ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಲ್ಲೋ ಕೋವಿಯನ್ನು ಠೇವಣಿ ಇಟ್ಟು ರಸೀದಿ ಪಡೆಯುವುದು. ಮನೆಯಲ್ಲಿ ಯಾರು ವಾರಸುದಾರರೆಂದು ಒಮ್ಮತಕ್ಕೆ ಬಂದು ಪರವಾನಗಿಗೆ ಅರ್ಜಿ ಹಾಕುವುದು. ಪರವಾನಗಿ ಕೈಗೆ ಬಂದ ಮೇಲೆಯೇ, ಅದರಲ್ಲಿ ಬರೆದ ಪ್ರದೇಶದೊಳಗೆ, ಕೋವಿಯನ್ನು ಒಯ್ಯುವುದು. 1983ರ ತಿದ್ದುಪಡಿ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಕೋವಿ ಬೇಡವೆಂದಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಿದ್ದು ಸ್ವಲ್ಪ ಸಮಾಧಾನ. ಎಲ್ಲಕ್ಕಿಂತ ಮುಖ್ಯವಾಗಿ, ಹಿರಿಯರು ಇರುವಾಗಲೇ ಈ ಮಾತು ಎತ್ತಿಕೊಳ್ಳುವುದು ಜಾಣತನ. ಜಮೀನಿನ ಪತ್ರಗಳನ್ನು ವಿಚಾರಿಸುವ ನಾವು ಕೋವಿಯ ಪತ್ರವನ್ನು ವಿಚಾರಿಸುವುದೇ ಇಲ್ಲ.

ಮುಂದಿನ ತಿರುವು

ಕೊಡಗಿನ ವಿನಾಯಿತಿ ಈಗ ಮತ್ತೊಂದು ತಿರುವಿನ ಹತ್ತಿರ ಬಂದಿದೆ. 2019ರ ಅಕ್ಟೋಬರ್ 29ರಂದು ಕೇಂದ್ರ ಗೃಹ ಇಲಾಖೆ ಅದನ್ನು ಹತ್ತು ವರ್ಷಗಳಿಗೆ, 2029ರವರೆಗೆ, ಮುಂದುವರಿಸಿತು. ಜಾತಿಯ ಮತ್ತು ಭೂ ಹಿಡುವಳಿಯ ಆಧಾರದ ಮೇಲೆ ಇಂಥ ಭೇದ ಮಾಡುವುದು ಸಮಾನತೆಗೆ ವಿರುದ್ಧವೆಂದು ಕರ್ನಾಟಕ ಹೈಕೋರ್ಟಿನಲ್ಲಿ ಅರ್ಜಿ ಬಂತು. 2021ರ ಸೆಪ್ಟೆಂಬರ್ 22ರಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸ್ವಾತಂತ್ರ್ಯಕ್ಕೆ ಮುಂಚಿನಿಂದ ನಡೆದುಬಂದ ಪದ್ಧತಿಯಿದು, ವಿನಾಯಿತಿ ಅನಿರ್ದಿಷ್ಟ ಕಾಲಕ್ಕೆ ಕೊಟ್ಟದ್ದಲ್ಲ, ಹತ್ತು ವರ್ಷಕ್ಕೆ ಷರತ್ತುಗಳೊಡನೆ ಕೊಟ್ಟದ್ದು ಎಂಬುದು ಅದರ ವಿಚಾರಸರಣಿ.

ಅರ್ಜಿದಾರರ ವಾದದಲ್ಲಿ ತಿರುಳಿಲ್ಲವೆನ್ನುವಂತಿಲ್ಲ. ಪರರಾಜನೊಬ್ಬ ತನ್ನ ಪಕ್ಷದಲ್ಲಿ ನಿಂತವರಿಗೆ ಕೊಟ್ಟ ಬಹುಮಾನ ಗಣರಾಜ್ಯದಲ್ಲಿ ಏಕೆ ಮುಂದುವರಿಯಬೇಕೆಂದು ಯಾರಾದರೂ ಕೇಳಿದರೆ, ಕಬ್ಬನ್ನನ ಹೊಗಳಿಕೆಯನ್ನು ಉತ್ತರವಾಗಿ ಕೊಡಲಾಗದು. ನಿಜವಾದ ಉತ್ತರ ಬೇರೆ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಒಂದು ನಾಡಿನ ಮನೆಮನೆಯಲ್ಲಿ ಕೋವಿ ಇದ್ದೂ, ಅದನ್ನು ಹೂಮುಡಿಸಿ ಪೂಜಿಸುವ, ಹುಟ್ಟು ಸಾವುಗಳಿಗೆ ಸಾಕ್ಷಿಯಾಗಿಸುವ ಶಿಸ್ತು ಅಲ್ಲಿ ಬೆಳೆದುಬಂದಿದೆ. ದೊರೆ ಕೊಟ್ಟ ಸವಲತ್ತನ್ನು ಜನ ತಮ್ಮ ಸಂಯಮದಿಂದ ಸಂಪ್ರದಾಯವಾಗಿ ಮಾಡಿಕೊಂಡರು. ವಿನಾಯಿತಿಗೆ ಇಂದು ಆಧಾರವೆಂಬುದು ಏನಾದರೂ ಇದ್ದರೆ ಅದು ಈ ಸಂಯಮವೇ.

ಆ ಸಂಯಮಕ್ಕೆ ಪರೀಕ್ಷೆ ನಡೆಯುವುದು ಮನೆಯೊಳಗಲ್ಲ, ದಾರಿಯಲ್ಲಿ. ಐನ್‌ಮನೆಯಲ್ಲಿ ಕೋವಿ ಹಿಡಿದವನನ್ನು ನೋಡುವವರು ನೆಂಟರಿಷ್ಟರು. ಅವನ ಅಜ್ಜನನ್ನೂ ಬಲ್ಲವರು. ಹೆದ್ದಾರಿಯ ತನಿಖಾ ಕಟ್ಟೆಯಲ್ಲಿ, ರೈಲಿನ ಡಬ್ಬಿಯಲ್ಲಿ, ಮಹಾನಗರದ ಮದುವೆ ಮಂಟಪದಲ್ಲಿ ನೋಡುವವರು ಅಪರಿಚಿತರು. ಅಲ್ಲಿ ಒಬ್ಬನು ಮಾಡುವ ಒಂದು ಉಡಾಫೆ, ಮೋಜಿಗೆಂದು ಹಾರಿಸಿದ ಒಂದು ಗುಂಡು, ಕಾಗದವಿಲ್ಲದೆ ಒಯ್ದ ಒಂದು ಕೋವಿ, ಊರಿನಲ್ಲಿರುವ ಸಾವಿರಾರು ಮನೆಗಳ ಹಕ್ಕಿನ ವಿರುದ್ಧ ಸಾಕ್ಷಿಯಾಗಿ ನಿಲ್ಲಬಹುದು. ಹೊರನಾಡಿನಲ್ಲಿರುವ ನಾವು ನಮ್ಮ ಊರಿನ ಹೆಸರನ್ನು ಹೊತ್ತು ತಿರುಗುವವರು. ಈ ಮಾತು ಭಾಷೆಗೆ ಹೇಗೋ ಕೋವಿಗೂ ಹಾಗೆಯೇ ಸಲ್ಲುತ್ತದೆ.

ಹುತ್ತರಿಗೆ ಊರಿಗೆ ಹೋಗುವ ಮಕ್ಕಳಿಗೆ ಅಜ್ಜನ ಮನೆಯ ಕೋವಿಯನ್ನು ತೋರಿಸಿ. ಅದರ ಹಿಡಿಯನ್ನು ಮುಟ್ಟಿ ನಮಸ್ಕರಿಸಲಿ. ಅದರ ಜೊತೆಗೆ ಕಪಾಟಿನಲ್ಲಿರುವ ಆ ಹಳದಿ ಬಣ್ಣಕ್ಕೆ ತಿರುಗಿದ ಕಾಗದವನ್ನೂ ತೆರೆದು ಓದಿಸಿ. 2029 ದೂರವಿಲ್ಲ. ಕೋವಿ ಎಂದರೆ ಮರ ಮತ್ತು ಉಕ್ಕಿನ ಜೊತೆಗೆ ಆ ಕಾಗದವೂ ಸೇರಿದ್ದೆಂದು ಈಗಲೇ ತಿಳಿದ ಮಗುವಿನ ಕೈಯಲ್ಲಿ ಅದು ಮುಂದೆಯೂ ಸುರಕ್ಷಿತವಾಗಿರುತ್ತದೆ.